ಖೋ ಕೊಡುವಾಗ ಬೆನ್ನು ಮುಟ್ಟಬೇಕು

ಖೋ ಖೋ ಆಟದಲ್ಲಿ ಕೂತವಳನ್ನು ಎಬ್ಬಿಸಬೇಕಾದರೆ ಎರಡು ಕೆಲಸ ಒಟ್ಟಿಗೆ ಆಗಬೇಕು. ಹಿಂದಿನಿಂದ ಬಂದವಳು ಬೆನ್ನು ಮುಟ್ಟಬೇಕು, ಮುಟ್ಟುತ್ತಲೇ ‘ಖೋ’ ಎಂದು ಕೂಗಬೇಕು. ಕೂಗದೆ ಮುಟ್ಟಿದರೂ ಫೌಲ್, ಮುಟ್ಟದೆ ಕೂಗಿದರೂ ಫೌಲ್. ಸೀಟಿ ಬೀಳುತ್ತದೆ, ಅಟ್ಟಿಸಿಕೊಂಡು ಹೋಗುತ್ತಿದ್ದವಳು ಹಿಂದಕ್ಕೆ ಬರಬೇಕಾಗುತ್ತದೆ, ತಪ್ಪಿಸಿಕೊಳ್ಳುತ್ತಿದ್ದವಳಿಗೆ ಉಸಿರು ತೆಗೆದುಕೊಳ್ಳಲು ನಾಲ್ಕು ಸೆಕೆಂಡು ಸಿಗುತ್ತದೆ. ಈ ಆಟದಲ್ಲಿ ನಾಲ್ಕು ಸೆಕೆಂಡು ದೊಡ್ಡ ಸಮಯ.

2023ರ ಅಕ್ಟೋಬರಿನಲ್ಲಿ ಬಳ್ಳಾರಿಯಲ್ಲಿ ನಡೆದ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಸಿರುಗುಪ್ಪದ ಪದವಿ ಕಾಲೇಜೊಂದರ ಹುಡುಗಿಯರು ಮೊದಲ ಸುತ್ತಿನಲ್ಲೇ ಸೋತರು. ಅವರ ದೈಹಿಕ ಶಿಕ್ಷಣ ನಿರ್ದೇಶಕಿ ವೀರಭದ್ರಮ್ಮ. ಆಗ ಅವರಿಗೆ ನಲವತ್ತೈದು. ಊರು ಕುರುಗೋಡು, ವಾಸವೂ ಅಲ್ಲೇ. ದಿನವೂ ಎರಡು ಬಸ್ಸು ಬದಲಿಸಿ ಸಿರುಗುಪ್ಪಕ್ಕೆ ಬರುತ್ತಾರೆ, ಆರೂಕಾಲಿಗೆ ಮೈದಾನದಲ್ಲಿರುತ್ತಾರೆ. ಗಟ್ಟಿಯಾಗಿ ಮಾತಾಡುವ ಹೆಂಗಸಲ್ಲ. ಸೀಟಿಯನ್ನೂ ಮೆಲ್ಲಗೆ ಊದುತ್ತಾರೆಂದು ಹುಡುಗಿಯರು ಅಣಕಿಸುತ್ತಾರೆ.

ಆ ಪಂದ್ಯವನ್ನು ಕಾಲೇಜಿನ ಅಟೆಂಡರ್ ಜೋಗಪ್ಪ ತನ್ನ ಮೊಬೈಲಿನಲ್ಲಿ ಪೂರ್ತಿ ಹಿಡಿದಿದ್ದ. ಒಂದು ಮೂಲೆಯಲ್ಲಿ ಅವನ ಹೆಬ್ಬೆರಳಿತ್ತು, ಉಳಿದದ್ದು ಸ್ಪಷ್ಟವಾಗಿತ್ತು. ಸೋತ ಮರುದಿನ ಬಸ್ಸಿನಲ್ಲಿ ಕೂತು ವೀರಭದ್ರಮ್ಮ ಅದನ್ನು ನೋಡಿದರು. ಫೌಲ್‌ಗಳನ್ನು ಬೆರಳಿನಲ್ಲಿ ಎಣಿಸಿದರು. ಹದಿಮೂರು. ಅದರಲ್ಲಿ ಹತ್ತು, ಮುಟ್ಟದೆ ಖೋ ಕೂಗಿದ್ದು. ಆ ಹತ್ತರಲ್ಲಿ ಎಂಟು ಒಬ್ಬಳದೇ ಬೆನ್ನಿನ ಹಿಂದೆ ಆಗಿದ್ದವು.

ಅವಳ ಹೆಸರು ಹೇಮಾ. ಆಗ ಬಿ.ಎ. ಮೊದಲ ವರ್ಷ. ಸಿರುಗುಪ್ಪದ ಪಕ್ಕದ ಕೆಂಚನಗುಡ್ಡದವಳು, ಪರಿಶಿಷ್ಟರ ಕೇರಿಯ ಮನೆ. ಅಪ್ಪ ಕೆಂಚಣ್ಣ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೂಲಿ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಒಂದು ಬೆಳಿಗ್ಗೆ ಹೊರಟೇಬಿಟ್ಟಿದ್ದ ಬಸ್ಸಿನ ಹಿಂದೆ ಓಡಿ, ಬಾಗಿಲು ಹಿಡಿದು ಹತ್ತಿ, ಏದುಸಿರೂ ಬಿಡದೆ ಟಿಕೆಟು ಕೇಳಿದ ಹುಡುಗಿಯನ್ನು ನೋಡಿ ವೀರಭದ್ರಮ್ಮನವರೇ ಅವಳನ್ನು ತಂಡಕ್ಕೆ ಕರೆದಿದ್ದರು.

ಬಸ್ಸಿನಲ್ಲಿ ವಿಡಿಯೋ ನೋಡಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅದನ್ನು ಅವರು ಈಗ ಮುಚ್ಚಿಡುವುದಿಲ್ಲ. “ಗೊತ್ತಿತ್ತು. ಗೊತ್ತಿಲ್ಲದಂಗ ಇದ್ದೆ” ಎನ್ನುತ್ತಾರೆ.

ಮರುವರ್ಷ ಅವರು ಹುಡುಕಿಕೊಂಡ ದಾರಿ ಸುಲಭದ್ದಾಗಿತ್ತು. ಖೋ ಖೋದಲ್ಲಿ ಒಂದು ಸರದಿಯಲ್ಲಿ ತಂಡ ಅಟ್ಟಿಸಿಕೊಂಡು ಹೋಗುತ್ತದೆ, ಇನ್ನೊಂದು ಸರದಿಯಲ್ಲಿ ತಪ್ಪಿಸಿಕೊಂಡು ಓಡುತ್ತದೆ. ಅಟ್ಟಿಸುವಾಗ ಎಂಟು ಮಂದಿ ಸಾಲಾಗಿ ಚೌಕಗಳಲ್ಲಿ ಕೂತಿರಬೇಕು, ಒಬ್ಬಳು ಬೆನ್ನಟ್ಟಬೇಕು. ಓಡುವಾಗ ಕೂರುವ ಮಾತೇ ಇಲ್ಲ. ವೀರಭದ್ರಮ್ಮ ಹೇಮಾಳನ್ನು ಓಡುವ ಸರದಿಗೆ ಮಾತ್ರ ಇಳಿಸಿದರು, ಅಟ್ಟಿಸುವ ಸರದಿಗೆ ಅವಳ ಬದಲು ಬೇರೊಬ್ಬಳನ್ನು ಕೂರಿಸಿದರು. ಫೌಲ್ ಕಡಿಮೆಯಾದವು. ಕ್ಯಾಪ್ಟನ್ ಅಕ್ಷತಾಳಿಗೆ ಖುಷಿಯಾಯಿತು. ಅವಳು ಕೊನೆಯ ವರ್ಷದವಳು, ಪೇಟೆಯ ಗೊಬ್ಬರದಂಗಡಿ ಮರಿಬಸಪ್ಪನವರ ಮಗಳು. ಸಿಟ್ಟು ಬೇಗ, ಕಾಲು ಇನ್ನೂ ಬೇಗ. ಅವಳು ಯಾರ ಜೊತೆ ನಗುತ್ತಾಳೋ ಅವರ ಜೊತೆ ತಂಡವೂ ನಗುತ್ತಿತ್ತು.

ಹತ್ತು ದಿನ ಸುಮ್ಮನಿದ್ದ ಹೇಮಾ ಹನ್ನೊಂದನೆಯ ದಿನ ಕೇಳಿದಳು.

“ಮೇಡಂ, ನನ್ನ ಯಾಕ ಕೂಡ್ಸವಲ್ರಿ?”

“ನೀನು ಚೆಂದ ಓಡ್ತಿ ಅಲ್ಲವಾ, ಅದಕ್ಕ.”

“ಬೆನ್ನತ್ತಾಕೂ ಚೆಂದ ಬರ್ತೈತ್ರಿ ನನಗ.”

ವೀರಭದ್ರಮ್ಮ ಗಡಿಯಾರ ನೋಡಿಕೊಂಡು, ಹೊತ್ತಾಯಿತೆಂದು ಸೀಟಿ ಊದಿದರು. ಮರುದಿನ ಹೇಮಾ ಬರಲಿಲ್ಲ. ಅದರ ಮರುದಿನವೂ ಇಲ್ಲ. ತರಗತಿಗೆ ಬರುತ್ತಿದ್ದಳು, ಮೈದಾನದ ಕಡೆ ತಿರುಗಿ ನೋಡದೆ ಹೋಗುತ್ತಿದ್ದಳು. ಹೀಗೆ ಎರಡು ವಾರ ಕಳೆಯಿತು. ಪಂದ್ಯಾವಳಿಗೆ ಐದು ವಾರ ಉಳಿದಿತ್ತು.

ಆ ಎರಡು ವಾರ ವೀರಭದ್ರಮ್ಮನವರನ್ನು ಕಾಡಿದ್ದು ಕಪ್ ಗೆಲ್ಲುವ ಚಿಂತೆಯಲ್ಲ. 1998ರಲ್ಲಿ ಅವರು ಬಳ್ಳಾರಿಯಲ್ಲಿ ಓದುತ್ತಿದ್ದಾಗ ಕಾಲೇಜು ತಂಡದಲ್ಲಿ ಹುಲುಗಮ್ಮ ಎಂಬ ಹುಡುಗಿಯಿದ್ದಳು. ಅವಳಿಗೆ ಖೋ ಕೊಡುವಾಗ ಉಳಿದವರು ಉಗುರಿನ ತುದಿಯಿಂದ ಬಟ್ಟೆ ಮುಟ್ಟುತ್ತಿದ್ದರು. ಅಂಪೈರಿಗೆ ಸಾಲುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ವೀರಭದ್ರಮ್ಮನೂ ಹಾಗೆಯೇ ಮಾಡುತ್ತಿದ್ದರು, ಆ ಕೈಚಳಕಕ್ಕೆ ಹೆಸರೂ ಪಡೆದಿದ್ದರು. ಒಂದು ವರ್ಷ ಆಡಿ ಹುಲುಗಮ್ಮ ಬರುವುದನ್ನು ನಿಲ್ಲಿಸಿದಳು. ಯಾಕೆಂದು ಯಾರೂ ಕೇಳಲಿಲ್ಲ. ಈಗ ತಮ್ಮ ಕೈಕೆಳಗೇ ಇನ್ನೊಬ್ಬಳು ಹಾಗೆ ಹೋಗುತ್ತಿದ್ದಳು, ಅದೂ ತಾವೇ ದಾರಿ ಮಾಡಿಕೊಟ್ಟು.

ಒಂದು ಭಾನುವಾರ ಅವರು ಕೆಂಚನಗುಡ್ಡಕ್ಕೆ ಹೋದರು. ಕೆಂಚಣ್ಣ ಮನೆಯಲ್ಲಿದ್ದ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಗಳು ಶಾಲೆಯಲ್ಲಿ ಗೆದ್ದ ಎರಡು ಸರ್ಟಿಫಿಕೇಟು.

“ಬರ್ರಿ ಮೇಡಂ, ಕುಂದರ್ರಿ” ಎಂದು ಕುರ್ಚಿ ಒರೆಸಿ ಹಾಕಿದ. “ಆಟ ಬಿಟ್ಟೀನಿ ಅಂದ್ಲು. ಬಿಟ್ರ ಬಿಡ್ಲಿ ಬಿಡ್ರಿ, ಡಿಗ್ರಿ ಮುಗಿಸಿದ್ರ ಸಾಕು. ಅಷ್ಟಕ್ಕ ನೀವ್ಯಾಕ ಬಿಸಲಾಗ ಬರಾಕ ಹೋದ್ರಿ?”

“ಆಕಿ ಬಿಟ್ಟಿಲ್ಲ. ನಾನು ಬಿಡ್ಸೀನಿ.”

ಹೇಮಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

“ಮೇಡಂ, ನನ್ನ ಓಡಾಕ ಕಳಸ್ತೀರಿ. ಓಡೋವಾಗ ನಮ್ಮೋರು ಯಾರೂ ನನ್ನ ಮುಟ್ಟಬೇಕಾಗಿಲ್ಲ. ಮುಟ್ಟಿದ್ರ ಎದುರಿನ ಟೀಮಿನೋರು ಮುಟ್ತಾರ, ಔಟ್ ಮಾಡಾಕ.”

ಕೆಂಚಣ್ಣ ಮಗಳ ಮುಖ ನೋಡಿದ. ಅವನಿಗೆ ಈ ವಿಷಯ ಆಗಷ್ಟೇ ತಿಳಿದದ್ದು. “ತಪ್ಪು ಮಾಡೀನಿ” ಎಂದರು ವೀರಭದ್ರಮ್ಮ. “ನಾಳಿಗಿ ಬಾ. ನೀನು ಕೂಡ್ತಿ.”

“ಬರ್ತೀನ್ರಿ. ಆದ್ರ ನನ್ನ ಬಗ್ಗಿ ಮೀಟಿಂಗ್ ಮಾಡಬ್ಯಾಡ್ರಿ. ಎಲ್ಲಾರನ್ನ ಸಾಲಾಗಿ ನಿಲ್ಸಿ ಸಾರಿ ಕೇಳ್ಸೋದು, ಕೈ ಕೈ ಹಿಡ್ಸಿ ಫೋಟೋ ತೆಗ್ಯೋದು, ಏನೂ ಬ್ಯಾಡ. ಒಂದು ತಿಂಗ್ಳು ಬರ್ತೀನಿ. ಹಂಗ ಐತಿ ಅಂದ್ರ ಮತ್ತ ಬರಂಗಿಲ್ಲ.”

“ಈಕಿ ನಮ್ಮವ್ವನಂಗ್ರಿ” ಎಂದ ಕೆಂಚಣ್ಣ. “ಶರತ್ತು ಹಾಕಲಾರ್ದ ಊಟಾನೂ ಮಾಡಂಗಿಲ್ಲ.”

ಸೋಮವಾರ ವೀರಭದ್ರಮ್ಮ ಒಂದು ಉದ್ದನೆಯ ನೋಟ್‌ಬುಕ್ ತಂದರು. ಪುಟದ ಮೇಲಿನಿಂದ ಕೆಳಕ್ಕೆ ತಂಡದ ಹನ್ನೆರಡು ಹೆಸರು, ಎಡದಿಂದ ಬಲಕ್ಕೆ ಅದೇ ಹನ್ನೆರಡು ಹೆಸರು. ಅಭ್ಯಾಸದಲ್ಲಿ ಯಾರು ಯಾರಿಗೆ ಎಷ್ಟು ಸಲ ಖೋ ಕೊಟ್ಟರೆಂದು ಗೆರೆ ಎಳೆಯಬೇಕು. ಬೆನ್ನು ಮುಟ್ಟಿದ್ದರೆ ಮಾತ್ರ ಗೆರೆ. ದಿನಕ್ಕೊಬ್ಬಳು ಆಟ ಬಿಟ್ಟು ಕೂತು ಬರೆಯಬೇಕು. ಶನಿವಾರ ಬರೆಯುವವಳು ವಾರದ ಮೊತ್ತವನ್ನು ಎಲ್ಲರ ಮುಂದೆ ಓದಬೇಕು. ಯಾಕೆಂದು ಯಾರೋ ಕೇಳಿದಾಗ, “ಖೋ ಎಲ್ಲಿ ನಿಲ್ತೈತಿ ಅಂತ ನೋಡಾಕ” ಎಂದಷ್ಟೇ ಹೇಳಿದರು. ಶನಿವಾರದ ಸರದಿ ಅಕ್ಷತಾಳದು.

ಅಂದೇ ಹೇಮಾ ಬಂದು ಐದನೆಯ ಚೌಕದಲ್ಲಿ ಕೂತಳು. ಮೈದಾನದ್ದು ಎರೆ ಮಣ್ಣು, ಒಣಗಿದರೆ ಬಿರಿಯುತ್ತದೆ. ಜೋಗಪ್ಪ ಗರಸು ಹಾಕಿ ನೀರು ಹೊಡೆದು ಹದ ಮಾಡಿರುತ್ತಾನೆ. ಕಂಬಗಳ ಸುತ್ತ, ಹಾರಿ ಬಿದ್ದವರ ಮೈ ತರಚದಿರಲಿ ಎಂದು, ಅಕ್ಕಿ ಮಿಲ್ಲಿನಿಂದ ತಂದ ಭತ್ತದ ಹೊಟ್ಟು ಚೆಲ್ಲಿರುತ್ತಾನೆ. ಮೊದಲ ದಿನ ಹೇಮಾಳ ಹೆಸರಿನ ಕೆಳಗೆ ಒಂದೂ ಗೆರೆ ಬೀಳಲಿಲ್ಲ. ನಲವತ್ತು ನಿಮಿಷ ಅವಳು ಕಾಲು ಮಡಚಿ, ಒಂದು ಕೈ ನೆಲಕ್ಕೂರಿ, ಈಗ ಏಳಬೇಕು ಎಂಬಂತೆಯೇ ಕೂತಿದ್ದಳು.

ಮೂರನೆಯ ದಿನದ ಹೊತ್ತಿಗೆ ಬರೆಯುವ ಸರದಿ ಮುಗಿಸಿದ್ದ ಹುಡುಗಿಯರಿಗೆ ಪುಟ ಏನು ಹೇಳುತ್ತಿದೆಯೆಂದು ಕಂಡಿತ್ತು. ಹಚ್ಚೊಳ್ಳಿಯಿಂದ ಬರುವ ಇಬ್ಬರು ಯಾರಿಗೂ ಏನೂ ಹೇಳದೆ ಹೇಮಾಳಿಗೆ ಖೋ ಕೊಡತೊಡಗಿದರು. ಆಮೇಲೆ ಹಾಸ್ಟೆಲ್ಲಿನವರು. ಶುಕ್ರವಾರಕ್ಕೆ ಹೇಮಾಳ ಹೆಸರಿನ ಕೆಳಗೆ ಗೆರೆಯಿಲ್ಲದೆ ಖಾಲಿ ಉಳಿದದ್ದು ಮೂರೇ ಮನೆ.

ಶನಿವಾರ ಅಕ್ಷತಾ ಕಲ್ಲುಬೆಂಚಿನ ಮೇಲೆ ನಿಂತು ಓದಿದಳು. ದನಿ ದೊಡ್ಡದು, ಓದುವುದೂ ಚುರುಕು. ತನ್ನ ಸಾಲಿಗೆ ಬಂದಳು. ಒಂಬತ್ತು, ಏಳು, ಹನ್ನೊಂದು, ಆರು. ಮುಂದಿನದಕ್ಕೆ ನಿಂತಳು.

“ಯಾಕಲೇ, ಕಣ್ಣು ಕಾಣವಲ್ವಾ?” ಎಂದಳು ಯಾರೋ ಹಿಂದಿನಿಂದ.

“ಸೊನ್ನಿ” ಎಂದಳು ಅಕ್ಷತಾ.

ಅವಳ ಇಬ್ಬರು ಗೆಳತಿಯರ ಸಾಲಿನಲ್ಲೂ ಅದೇ ಜಾಗಕ್ಕೆ ಬಂದಾಗ ಅದನ್ನೇ ಓದಬೇಕಾಯಿತು. ಹೇಮಾ ಶೂ ಬಿಚ್ಚಿ, ಒಳಗೆ ಸೇರಿದ್ದ ಹೊಟ್ಟನ್ನು ಕೊಡವುತ್ತಿದ್ದಳು. ತಲೆ ಎತ್ತಲಿಲ್ಲ. ಪುಸ್ತಕ ಮುಚ್ಚಿದ ಮೇಲೆ ವೀರಭದ್ರಮ್ಮ ಹೇಳಿದ್ದು ಇಷ್ಟು: “ಇದರಾಗ ನನ್ನ ಹೆಸರಿಲ್ಲ. ನಮ್ಮ ಕಾಲದಾಗ ಇಂಥಾ ಪುಸ್ತಕ ಇದ್ದಿದ್ರ ಹುಲುಗಮ್ಮನ ಕೆಳಗ ನಂದೂ ಸೊನ್ನೀನ ಬರ್ತಿತ್ತು.” ಹುಲುಗಮ್ಮ ಯಾರು, ತಾವು ಅವಳಿಗೆ ಉಗುರಿನ ತುದಿಯಲ್ಲಿ ಖೋ ಕೊಟ್ಟದ್ದು ಹೇಗೆ, ಅವಳು ಹೋದದ್ದು ಹೇಗೆ ಎಂದು ನಾಲ್ಕು ಮಾತಿನಲ್ಲಿ ಹೇಳಿದರು. ಹೇಮಾಳ ಹೆಸರು ಎತ್ತಲಿಲ್ಲ. ಸೋಮವಾರ ಆರೂಕಾಲಿಗೆ ಬರಬೇಕೆಂದು ಹೇಳಿ ಕಳಿಸಿದರು.

ಅಕ್ಷತಾ ಮನೆಗೆ ಹೋಗಲಿಲ್ಲ, ಅವರ ಕೋಣೆಗೆ ಬಂದಳು.

“ಇದು ಬೇಕಂತ ಮಾಡಿದ್ದೇನ್ರಿ ಮೇಡಂ?”

“ಹೌದವಾ, ಬೇಕಂತನ.”

“ನನ್ನ ಕೈಲೇ ಓದ್ಸಿದ್ರಿ.”

“ಶನಿವಾರ ನಿಂದ ಇತ್ತು.”

“ನಾನೇನು ಮನಸ್ಸಿನಾಗ ಇಟ್ಕೊಂಡು ಮಾಡಿಲ್ರಿ. ಕೈ ಹೋಗಂಗಿಲ್ಲ ಅಷ್ಟ.”

“ಯಾಕ ಹೋಗಂಗಿಲ್ಲ?”

ಅಕ್ಷತಾ ಕಪಾಟಿನ ಮೇಲಿದ್ದ ವಾಲಿಬಾಲ್ ನೋಡುತ್ತ ನಿಂತಳು. ಕೊನೆಗೆ ಅವಳು, “ಹಂಗಾದ್ರ ಬ್ಯಾರೆಯವರನ್ನ ಕ್ಯಾಪ್ಟನ್ ಮಾಡ್ರಿ” ಎಂದಳು.

“ಇಲ್ಲ. ನೀನ ಇರ್ತಿ.”

ಈ ನಿರ್ಧಾರ ಜೋಗಪ್ಪನಿಗೆ ಹಿಡಿಸಲಿಲ್ಲ. “ತೆಗದು ಒಗೀರಿ ಮೇಡಂ ಆಕಿನ್ನ. ಊರಿಗೆಲ್ಲ ಬುದ್ಧಿ ಬರ್ತೈತಿ” ಎಂದ. ವೀರಭದ್ರಮ್ಮ ಒಪ್ಪಲಿಲ್ಲ. ಅವರ ಲೆಕ್ಕ ಬೇರೆಯಿತ್ತು. ಅಕ್ಷತಾಳನ್ನು ತೆಗೆದರೆ ಉಳಿದವರು ಅಡಗಿಸಿಡುವುದನ್ನು ಕಲಿಯುತ್ತಾರೆ, ತಪ್ಪೆಲ್ಲ ಒಬ್ಬಳದೇ ಎಂದು ಹಗುರಾಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಹೇಮಾಳ ಕಾರಣಕ್ಕೆ ಕ್ಯಾಪ್ಟನ್ ಹೋದಳು ಎಂಬ ಮಾತು ಹೇಮಾಳ ಬೆನ್ನಿಗೇ ಅಂಟುತ್ತದೆ. ಅಕ್ಷತಾ ಇದ್ದು, ಮಾಡಿ ತೋರಿಸಬೇಕು. ಮಾಡದಿದ್ದರೆ ತಿಂಗಳು ಮುಗಿದ ದಿನ ಹೇಮಾ ಹೋಗುತ್ತಾಳೆ. ಆ ಅಪಾಯ ಅವರಿಗೆ ಗೊತ್ತಿತ್ತು.

ಸೋಮವಾರ ಆರು ಮಂದಿ ಅಟ್ಟಿಸಿದ ಮೇಲೆ ಅಕ್ಷತಾಳ ಸರದಿ ಬಂತು. ತಪ್ಪಿಸಿಕೊಳ್ಳುತ್ತಿದ್ದ ಹುಡುಗಿ ಐದನೆಯ ಚೌಕದ ಆಚೆ ನುಸುಳಿದಳು. ಬೆನ್ನಟ್ಟುವವಳು ನಡುವಿನ ಗೆರೆ ದಾಟುವಂತಿಲ್ಲ, ಖೋ ಕೊಡಬೇಕಾದರೆ ಹೇಮಾಳಿಗೇ ಕೊಡಬೇಕು. ಅಕ್ಷತಾ ಅಲ್ಲಿ ನಿಂತು ಬಗ್ಗಿ, ಬೆರಳ ತುದಿ ತಾಗಿಸಿ, “ಖೋ!” ಎಂದಳು.

ಹೇಮಾ ಏಳಲಿಲ್ಲ.

“ಏಳಲೇ!”

“ಯಾಕ?”

“ಖೋ ಕೊಟ್ಟೆನಲ್ಲ.”

“ನನಗ ಗೊತ್ತಾಗ್ಲಿಲ್ಲ.”

ಅಕ್ಷತಾ ತಿರುಗಿ ನೋಡಿದಳು. ಸಮೀಪದಲ್ಲಿದ್ದವನು ಪೈಪು ಹಿಡಿದಿದ್ದ ಜೋಗಪ್ಪ. “ಜೋಗಪ್ಪ, ಕೊಟ್ಟೆನೋ ಇಲ್ಲೋ, ನೀನ ಹೇಳು.”

“ನನ್ನ ಕೇಳಬ್ಯಾಡವಾ. ನಾ ನೀರು ಹೊಡ್ಯಾಕ ಬಂದೀನಿ.”

ವೀರಭದ್ರಮ್ಮ ಸೀಟಿಯನ್ನು ಬಾಯಲ್ಲಿಟ್ಟುಕೊಂಡಿದ್ದರು, ಊದಲಿಲ್ಲ. ಅಕ್ಷತಾ ಮತ್ತೆ ಬಗ್ಗಿದಳು, ಈ ಸಲ ಎರಡು ಬೆರಳು. “ಖೋ!”

“ಇರುವಿ ಹರದಂಗಾತು” ಎಂದಳು ಹೇಮಾ, ಮುಂದೆಯೇ ನೋಡುತ್ತ.

ಸಾಲಿನಲ್ಲಿ ಕೂತಿದ್ದವರು ನಕ್ಕುಬಿಟ್ಟರು. ಓಡುತ್ತಿದ್ದವಳು ಸೊಂಟಕ್ಕೆ ಕೈಕೊಟ್ಟು ನಿಂತು, “ಜಲ್ದಿ ಮಾಡ್ರೆಲೇ, ನಾನು ಮನಿಗಿ ಹೋಗಿ ನಾಷ್ಟಾ ಮಾಡಿ ಬರ್ಲ್ಯಾ?” ಎಂದಳು. ಅಕ್ಷತಾಳ ಮುಖ ಕೆಂಪಾಯಿತು. ಸಿಟ್ಟಿನಲ್ಲೇ ಇಡೀ ಅಂಗೈಯಿಂದ ಬೆನ್ನಿಗೆ ಬಾರಿಸಿ “ಖೋ!” ಎಂದು ಕಿರುಚಿದಳು. ಕಾಂಪೌಂಡಿನ ಆಚೆಗೂ ಕೇಳಿಸಿರಬೇಕು. ಆ ಸದ್ದು ಮುಗಿಯುವ ಮೊದಲೇ ಹೇಮಾ ಎದ್ದಿದ್ದಳು. ಸೊಂಟಕ್ಕೆ ಕೈಕೊಟ್ಟು ನಿಂತಿದ್ದವಳು ಆ ಕೈ ತೆಗೆಯುವಷ್ಟರಲ್ಲಿ ಔಟಾದಳು.

ಖೋ ಕೊಟ್ಟವಳು ಎದ್ದವಳ ಚೌಕದಲ್ಲಿ ಕೂರಬೇಕು. ಅದು ಆಟದ ನಿಯಮ. ಅಕ್ಷತಾ ಒಂದು ಗಳಿಗೆ ನಿಂತಳು, ಆಮೇಲೆ ಹೇಮಾ ಕೂತಿದ್ದ ಜಾಗದಲ್ಲಿ ಕೂತಳು. ಹಿಂದಕ್ಕೆ ಬರುತ್ತ ಹೇಮಾ ಅವಳ ಪಕ್ಕ ಹಾದು, “ಈಗ ಗೊತ್ತಾತು” ಎಂದು ಹೋದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ವೀರಭದ್ರಮ್ಮ ಮುಂದಿನ ಸರದಿಗೆ ಸೀಟಿ ಊದಿದರು.

ಆ ವಾರ ಅಕ್ಷತಾಳ ಸಾಲಿನಲ್ಲಿ ಹೇಮಾಳ ಹೆಸರಿನ ಕೆಳಗೆ ನಾಲ್ಕು ಗೆರೆ ಬಿದ್ದವು. ಮುಂದಿನ ವಾರ ಒಂಬತ್ತು. ಅವಳ ಗೆಳತಿಯರಲ್ಲಿ ಒಬ್ಬಳು ಅಕ್ಷತಾಳನ್ನು ನೋಡಿ ಬದಲಾದಳು. ಇನ್ನೊಬ್ಬಳು ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದಳು. ವೀರಭದ್ರಮ್ಮ ಅವಳ ಮನೆಗೂ ಹೋದರು, ಪ್ರಯೋಜನವಾಗಲಿಲ್ಲ. ಅವಳ ಜಾಗಕ್ಕೆ ಬೇರೆಯವಳನ್ನು ತೆಗೆದುಕೊಂಡರು.

ಪಂದ್ಯಾವಳಿಗೆ ಮೊದಲು ಒಂಬತ್ತು ಮಂದಿಯ ಪಟ್ಟಿ ಬರೆಯುವ ಕೆಲಸವನ್ನು ಅವರು ಅಕ್ಷತಾಳಿಗೆ ಬಿಟ್ಟರು. ಹೇಮಾಳನ್ನು ಅವಳು ಓಡುವುದಕ್ಕೂ ಅಟ್ಟಿಸುವುದಕ್ಕೂ ಹಾಕಿದ್ದಳು, ಕೂರಿಸಿದ್ದು ತನ್ನ ಪಕ್ಕದ ಚೌಕದಲ್ಲೇ. ಕಾರಣ ಕೇಳಿದಾಗ, “ಔಟ್ ಮಾಡ್ತಾಳ್ರಿ ಆಕಿ, ಮತ್ತೇನು” ಎಂದಳು. ವೀರಭದ್ರಮ್ಮನವರಿಗೆ ಆ ಉತ್ತರ ಬೇರೆ ಯಾವ ಉತ್ತರಕ್ಕಿಂತಲೂ ಒಳ್ಳೆಯದೆನಿಸಿತು.

2024ರ ಅಕ್ಟೋಬರಿನಲ್ಲಿ ಬಳ್ಳಾರಿಯಲ್ಲಿ ಅವರು ಎರಡು ಪಂದ್ಯ ಗೆದ್ದು, ಸೆಮಿಫೈನಲ್‌ನಲ್ಲಿ ಒಂದು ಪಾಯಿಂಟಿನಿಂದ ಸೋತರು. ಕೊನೆಯ ಸರದಿಯಲ್ಲಿ ನಡುವಿನ ಗೆರೆ ತುಳಿದು ಫೌಲ್ ಮಾಡಿದವಳು ಅಕ್ಷತಾ. ಮುಟ್ಟದೆ ಖೋ ಕೂಗಿದ ಫೌಲ್ ಮೂರು ಪಂದ್ಯಗಳಲ್ಲಿ ಒಂದೂ ಇರಲಿಲ್ಲ. ಸೋತ ಮೇಲೆ ಹುಡುಗಿಯರು ಮೈದಾನದ ಹೊರಗಿನ ಬಂಡಿಯಲ್ಲಿ ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ ತಿನ್ನುತ್ತ ನಿಂತಿದ್ದರು. ಅಕ್ಷತಾ ಪ್ಲೇಟು ಮುಟ್ಟಿರಲಿಲ್ಲ.

“ತಿನ್ನಲೇ ಕ್ಯಾಪ್ಟನ್” ಎಂದಳು ಹೇಮಾ. “ಗೆರಿ ತುಳ್ದಾಕಿ ನೀನು, ಮಿರ್ಚಿ ಏನು ಮಾಡೈತಿ?”

“ನೀನು ಬಾಯಿ ಮುಚ್ಕೊಂಡು ತಿನ್ನು. ನಿನ್ನ ಬೆನ್ನಿಗೆ ಹೊಡ್ದು ಹೊಡ್ದು ನನ್ನ ಕೈ ಉರಿ ಹತ್ಯಾವು.”

“ನನ್ನ ಬೆನ್ನಿಂದೂ ಕೇಳು ಒಂಚೂರು.”

ಇಬ್ಬರೂ ಗೆಳತಿಯರಾದರೆಂದು ಹೇಳುವಂತಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಷತಾ ಮುಂದೆ ತನ್ನ ಪೇಟೆಯವರ ಜೊತೆ ಕೂತಳು, ಹೇಮಾ ಹಿಂದೆ ಹಚ್ಚೊಳ್ಳಿಯವರ ಜೊತೆ. ಅಕ್ಷತಾಳ ಮನೆಗೆ ಹೇಮಾ ಇವತ್ತಿನವರೆಗೂ ಹೋಗಿಲ್ಲ, ಕರೆ ಬಂದೂ ಇಲ್ಲ. ವೀರಭದ್ರಮ್ಮ ಇದನ್ನು ಮರೆಮಾಚುವುದಿಲ್ಲ. “ನನ್ನ ಕೈಯಾಗ ಇರೋದು ಮೈದಾನ ಅಷ್ಟ” ಎನ್ನುತ್ತಾರೆ.

ಹೇಮಾ ಹೇಳಿದ್ದ ಒಂದು ತಿಂಗಳು ಪಂದ್ಯಾವಳಿಯ ಹೊತ್ತಿಗೆ ಮುಗಿದಿತ್ತು. ಇನ್ನು ಆ ವರ್ಷ ಆಡುವ ಪಂದ್ಯವೂ ಇರಲಿಲ್ಲ. ಬರುತ್ತೀಯೋ ಬಿಡುತ್ತೀಯೋ ಎಂದು ವೀರಭದ್ರಮ್ಮ ಕೇಳಲಿಲ್ಲ. ಕೇಳಿದರೆ ಅವಳು ತಮ್ಮ ಮುಖ ನೋಡಿ ದಾಕ್ಷಿಣ್ಯದ ಉತ್ತರ ಕೊಟ್ಟಾಳು ಎಂಬ ಅಳುಕು. ಊರಿಗೆ ಬಂದ ಮರುದಿನ, ಮಂಗಳವಾರ, ರಜೆ ಕೊಟ್ಟರು. ಬುಧವಾರ ಬೆಳಿಗ್ಗೆ ಮೈದಾನಕ್ಕೆ ಬಂದಾಗ ಜೋಗಪ್ಪ ಒಬ್ಬನೇ ಸುಣ್ಣದ ಗೆರೆ ಎಳೆಯುತ್ತಿದ್ದ. ಆರೂಕಾಲಾಯಿತು. ಆರೂವರೆಗೆ ಹಚ್ಚೊಳ್ಳಿಯವರು ಬಂದರು, ಅಕ್ಷತಾ ಬಂದಳು.

ಆರು ನಲವತ್ತಕ್ಕೆ ಗೇಟಿನಲ್ಲಿ ಹೇಮಾ ಕಾಣಿಸಿದಳು. ಜೊತೆಗೆ ಇನ್ನೊಬ್ಬಳು, ಸಣ್ಣ ಮೈಕಟ್ಟಿನ ಹುಡುಗಿ, ಕಾಲಲ್ಲಿ ಶೂ ಇಲ್ಲ.

“ತಡ ಆತ್ರಿ ಮೇಡಂ. ಈಕಿ ಏಳಾಕ ಬಹಳ ಸತಾಯಿಸಿದ್ಲು” ಎಂದಳು ಹೇಮಾ. “ಹಂಪಮ್ಮ ಅಂತ. ನಮ್ಮ ಕೇರ್ಯಾಕಿ, ಫಸ್ಟ್ ಇಯರ್. ನಾನು ಕರ್ಕೊಂಡು ಬಂದೀನಿ.”

“ಓಡ್ತಾಳೇನು?”

“ಓಡ್ತಾಳ್ರಿ. ಕೂಡಾಕ ನಾನು ಕಲಿಸ್ತೀನಿ.”

ವೀರಭದ್ರಮ್ಮ ಸಾಲಿನ ಕಡೆ ಕೈ ತೋರಿಸಿದರು. ಹಂಪಮ್ಮ ತುದಿಯ ಚೌಕದ ಕಡೆ ಹೊರಟಳು. ಹೇಮಾ ಅವಳ ತೋಳು ಹಿಡಿದು ನಡುವಿನ ಚೌಕದಲ್ಲಿ ಕೂರಿಸಿ, ಎಡಗೈಯನ್ನು ನೆಲಕ್ಕೆ ಒತ್ತಿ, ಹಿಮ್ಮಡಿ ಎಷ್ಟು ಎತ್ತಬೇಕೆಂದು ತೋರಿಸತೊಡಗಿದಳು.